ಲಿಸ್ಬನ್ನಿನಲ್ಲಿ ಒಂದು ವಾರ: ಮನೆಯವರು, ರಾತ್ರಿಯ ಬೀದಿಗಳು ಮತ್ತು ಮುಗಿಯದ ಒಂದು ಪುಸ್ತಕ

ಮುಸ್ಸಂಜೆ ಓದುಗ

ಜೂನ್ ತಿಂಗಳ ಎರಡನೆಯ ವಾರವನ್ನು ನಾವು ನಾಲ್ವರು, ಅಂದರೆ ನಾನು, ನನ್ನ ಹೆಂಡತಿ, 8 ವರ್ಷದ ಮಗ ಮತ್ತು 67 ವರ್ಷದ ಅಮ್ಮ, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಕಳೆದು ಬಂದೆವು. ತಂಗಿ ಅಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿದೆ. ಅಮ್ಮ ಅವಳ ಮನೆಯನ್ನು ನೋಡಿದ್ದು ಇದೇ ಮೊದಲು. ಹೊರಡುವಾಗ ನನ್ನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು: ಹಗಲು ಮನೆಯವರಿಗೆ, ರಾತ್ರಿ ಊರಿಗೆ, ನಡುವೆ ಸಿಕ್ಕ ಬಿಡುವು ಪುಸ್ತಕಕ್ಕೆ. ಈ ಲೆಕ್ಕ ಎಲ್ಲಿ ಕೂಡಿತು, ಎಲ್ಲಿ ತಪ್ಪಿತು ಎಂಬುದನ್ನು ಬರೆಯುತ್ತಿದ್ದೇನೆ. ಇಂಥ ಪ್ರವಾಸ ಮಾಡಿದವರು ತಮ್ಮ ಅನುಭವವನ್ನೂ ಹೇಳಬೇಕೆಂದು ಕೋರುತ್ತೇನೆ.

ಮೊದಲಿಗೆ ಬೆಳಕಿನ ವಿಷಯ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ಗಂಟೆಯ ಹೊತ್ತಿಗೆ. "ಕತ್ತಲಾಯಿತು, ಮಲಗು" ಎಂಬ ಮಾತು ಮಗನ ಮುಂದೆ ನಡೆಯಲಿಲ್ಲ. ಆದರೆ ಅವನ ಹೊಟ್ಟೆ ಮಾತ್ರ ಭಾರತದ ಗಡಿಯಾರವನ್ನೇ ನಂಬಿಕೊಂಡಿತ್ತು. ಬೇಸಿಗೆಯಲ್ಲಿ ಎರಡು ದೇಶಗಳ ನಡುವೆ ನಾಲ್ಕೂವರೆ ಗಂಟೆಗಳ ಅಂತರವಿರುವುದರಿಂದ, ಮೊದಲ ಮೂರು ದಿನ ಅವನು ಬೆಳಗಿನ ಜಾವ 4 ಗಂಟೆಗೆ ಎದ್ದು ಕುಳಿತು ತಿಂಡಿ ಕೇಳಿದ. ಅವನಿಗೆ ಬ್ರೆಡ್ಡು ಹಾಲು ಕೊಟ್ಟು, ಬಣ್ಣದ ಪೆನ್ಸಿಲ್ಲುಗಳನ್ನು ಮುಂದಿಟ್ಟು, ಅಡುಗೆಮನೆಯ ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತು ನಾನು ಓದಿದೆ. ಮಧ್ಯಾಹ್ನ ಉದ್ಯಾನದಲ್ಲಿ ಓದುತ್ತೇನೆ, ಕಾಫಿ ಅಂಗಡಿಯಲ್ಲಿ ಓದುತ್ತೇನೆ ಎಂದೆಲ್ಲ ಅಂದುಕೊಂಡಿದ್ದವನಿಗೆ ನಿಜವಾಗಿ ದಕ್ಕಿದ್ದು ಈ ಜಾವದ ಓದು ಮಾತ್ರ.

ಪುಸ್ತಕ ಯಾವುದೆಂದರೆ, ಅದೇ ಊರಿನವನಾದ ಫೆರ್ನಾಂದೊ ಪೆಸ್ಸೊವಾನ 'ಅಶಾಂತಿಯ ಪುಸ್ತಕ'ದ ಇಂಗ್ಲಿಷ್ ಅನುವಾದ. 1888ರಲ್ಲಿ ಹುಟ್ಟಿ 1935ರಲ್ಲಿ ತೀರಿಕೊಂಡ ಈ ಕವಿ ಬದುಕಿದ್ದಾಗ ಪುಸ್ತಕ ರೂಪದಲ್ಲಿ ಪ್ರಕಟಿಸಿದ್ದು ಸ್ವಲ್ಪವೇ. ಅವನು ಬಿಟ್ಟುಹೋದ ಪೆಟ್ಟಿಗೆಯಲ್ಲಿ ಸಿಕ್ಕ ಹಾಳೆಗಳು 25,000ಕ್ಕೂ ಹೆಚ್ಚು. ಅವುಗಳಿಂದ ಆಯ್ದು ಜೋಡಿಸಿದ ಈ ಗದ್ಯ ಪುಸ್ತಕವಾಗಿ ಬಂದದ್ದು 1982ರಲ್ಲಿ. ತುಣುಕುಗಳ ಕ್ರಮವನ್ನು ಅವನು ಗೊತ್ತುಮಾಡದೆ ಹೋದದ್ದರಿಂದ ಒಬ್ಬೊಬ್ಬ ಸಂಪಾದಕರು ಒಂದೊಂದು ಬಗೆಯಲ್ಲಿ ಜೋಡಿಸಿದ್ದಾರೆ. ಪ್ರವಾಸಕ್ಕೆ ಇದಕ್ಕಿಂತ ಅನುಕೂಲವಾದ ಪುಸ್ತಕ ನನಗೆ ಸಿಕ್ಕಿಲ್ಲ. ಎಲ್ಲಿ ತೆರೆದರೂ ಓದಬಹುದು, ಮಗ ಕರೆದಾಗ ಎಲ್ಲಿ ಬೇಕಾದರೂ ಮುಚ್ಚಬಹುದು, ಹಿಂದಿನ ಪುಟದಲ್ಲಿ ಯಾರು ಸತ್ತರು ಎಂದು ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ.

ಹಗಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1998ರ ಜಾಗತಿಕ ಪ್ರದರ್ಶನಕ್ಕಾಗಿ ಕಟ್ಟಿದ ಮತ್ಸ್ಯಾಲಯದಲ್ಲಿ ಮಗ ಮೂರು ಗಂಟೆ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ. ಬೆಲೆಂನ ಮಠದಲ್ಲಿ ವಾಸ್ಕೋ ಡ ಗಾಮನ ಸಮಾಧಿಯನ್ನು ಕಂಡ ಅಮ್ಮ "ಇಷ್ಟು ದೂರದಿಂದ ಬಂದಿದ್ದನೇ ಈ ಪುಣ್ಯಾತ್ಮ" ಎಂದರು. ರಾತ್ರಿಗಳಲ್ಲಿ ಭಾನುವಾರ ನದಿಯ ಬದಿಯ ಕಾಯ್ಶ್ ದು ಸುದ್ರೆಯ ಗುಲಾಬಿ ಬಣ್ಣ ಬಳಿದ ಬೀದಿ, ಮಂಗಳವಾರ ಗುಡ್ಡದ ಮೇಲಿನ ಬೈರು ಆಲ್ತು ಬಡಾವಣೆ, ಬುಧವಾರ ಹಳೆಯ ಕೇರಿ ಅಲ್ಫಾಮಾದಲ್ಲಿ ಫಾದು ಎಂಬ ಅಲ್ಲಿನ ಹಾಡುಗಾರಿಕೆ. ನಾನು, ಹೆಂಡತಿ, ತಂಗಿ ಮೂವರೂ ಹೋಗಿದ್ದೆವು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಸೋಮವಾರದ ಸಂಜೆ. 1930ರಿಂದ ನಡೆದುಬಂದಿರುವ ಲಿಸ್ಬನ್ ಪುಸ್ತಕ ಮೇಳ ಆಗ ಏಳನೆಯ ಎಡ್ವರ್ಡನ ಹೆಸರಿನ ಉದ್ಯಾನದಲ್ಲಿ ನಡೆಯುತ್ತಿತ್ತು. ಉದ್ಯಾನ ಇಳಿಜಾರಿನಲ್ಲಿದೆ, ಮೇಲ್ತುದಿಯಲ್ಲಿ ನಿಂತರೆ ಎರಡೂ ಬದಿಯಲ್ಲಿ ಮಳಿಗೆಗಳ ಸಾಲು, ಅದರಾಚೆ ಊರು, ಊರಿನಾಚೆ ತೇಜು ನದಿ ಕಾಣುತ್ತವೆ. ಸೋಮವಾರದಿಂದ ಗುರುವಾರದವರೆಗೆ ಮೇಳದ ಕೊನೆಯ ಒಂದು ಗಂಟೆಯಲ್ಲಿ ಹಳೆಯ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಕೊಡುತ್ತಾರೆಂದು ತಂಗಿ ಹೇಳಿದ್ದರಿಂದ ಐವರೂ ಕತ್ತಲಾಗುವವರೆಗೆ ಅಲ್ಲೇ ಉಳಿದೆವು. ಆ ಗಂಟೆ ಶುರುವಾದೊಡನೆ ಜನ ಮಳಿಗೆಗಳತ್ತ ಓಡಿದ ರೀತಿ ನೋಡಬೇಕಿತ್ತು. ಕೈಗೂಸುಗಳನ್ನು ಎದೆಗೆ ಕಟ್ಟಿಕೊಂಡವರು, ಕೋಲೂರಿದವರು, ಕೈಯಲ್ಲಿ ಬಿಯರ್ ಹಿಡಿದ ಕಾಲೇಜು ಹುಡುಗರು, ಎಲ್ಲರೂ ರಾತ್ರಿ 9 ಗಂಟೆಯ ಮೇಲೆ ಪುಸ್ತಕಕ್ಕಾಗಿ ಸರದಿಯಲ್ಲಿದ್ದರು. ಮಗನಿಗೆ ಆಕ್ಟೋಪಸ್ಸಿನ ಚಿತ್ರಪುಸ್ತಕ ಸಿಕ್ಕಿತು. ಅದರಲ್ಲಿರುವ ಒಂದು ಪದವೂ ಅವನಿಗೆ ತಿಳಿಯದು. ಆದರೂ ಇಂದಿಗೂ ಅದನ್ನು ಓದುತ್ತೇನೆಂದೇ ಹೇಳುತ್ತಾನೆ.

ಮನೆಯವರೊಂದಿಗೆ ಹೋದಾಗ ರಾತ್ರಿಯನ್ನು ನೀವೆಲ್ಲ ಹೇಗೆ ಹಂಚಿಕೊಳ್ಳುತ್ತೀರಿ?

ಎರಡು ಮಕ್ಕಳ ತಾಯಿ

ಸೊಗಸಾಗಿ ಬರೆದಿದ್ದೀರಿ. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾರೆ, ಬೇಸರ ಮಾಡಿಕೊಳ್ಳಬೇಡಿ. ಭಾನುವಾರ, ಮಂಗಳವಾರ, ಬುಧವಾರ ನೀವು ಮೂವರೂ ಹೊರಗಿದ್ದಿರಿ ಎಂದಿರಿ. ಆ ಮೂರೂ ರಾತ್ರಿ ಮಗು ಯಾರೊಂದಿಗಿತ್ತು? ಅಮ್ಮನವರೊಂದಿಗೆ ಎಂದು ನಾನು ಊಹಿಸಿಕೊಳ್ಳಬೇಕು, ಏಕೆಂದರೆ ನೀವು ಅದನ್ನು ಬರೆದೇ ಇಲ್ಲ.

ನಾನು ಇದನ್ನು ಮೇಲಿನಿಂದ ನಿಂತು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾವೂ ಅತ್ತೆಯವರನ್ನು ಹೊರದೇಶಕ್ಕೆ ಕರೆದುಕೊಂಡು ಹೋಗಿದ್ದೆವು. ಹತ್ತು ದಿನಗಳಲ್ಲಿ ಆರು ರಾತ್ರಿ ಅವರು ಮಲಗಿದ ಮಕ್ಕಳ ಪಕ್ಕದಲ್ಲಿ, ಅರ್ಥವಾಗದ ಭಾಷೆಯ ಟೀವಿಯ ಮುಂದೆ ಕುಳಿತಿದ್ದರು. ಮರಳಿ ಬಂದ ಮೇಲೆ ನೆಂಟರೊಬ್ಬರು ಆ ಊರು ಹೇಗಿತ್ತೆಂದು ಕೇಳಿದಾಗ ಅತ್ತೆಯವರು ಯಾವ ಕೊಂಕೂ ಇಲ್ಲದೆ "ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು" ಎಂದರು. ಆ ಮಾತು ನನ್ನನ್ನು ಇನ್ನೂ ಚುಚ್ಚುತ್ತದೆ.

ತಂತಿವಾದ್ಯ

ಫಾದು ಕೇಳಲು ಹೋಗುವವರಿಗೆ ಕೆಲವು ಮಾತುಗಳನ್ನು ಹೇಳಬೇಕೆನಿಸಿತು. ನಾನು ಸ್ವತಃ ಸಿತಾರ್ ಕಲಿಯುತ್ತಿರುವವನು, ಎರಡು ಬಾರಿ ಲಿಸ್ಬನ್ನಿಗೆ ಹೋಗಿ ಹಲವು ರಾತ್ರಿಗಳನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದೆ.

ಯುನೆಸ್ಕೋ 2011ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಗಾಯನಕ್ಕೆ ಜೊತೆಯಾಗುವುದು ಸಾಮಾನ್ಯವಾಗಿ ಎರಡು ವಾದ್ಯಗಳು. ಒಂದು ನಮಗೆ ಪರಿಚಿತವಾದ ಗಿಟಾರ್, ಅದನ್ನು ಅಲ್ಲಿ ವಿಯೋಲಾ ಎನ್ನುತ್ತಾರೆ. ಇನ್ನೊಂದು ದುಂಡನೆಯ ಒಡಲಿನ ಪೋರ್ಚುಗೀಸ್ ಗಿಟಾರ್. ಅದರ 12 ತಂತಿಗಳು ಎರಡೆರಡಾಗಿ ಆರು ಜೋಡಿಗಳಲ್ಲಿವೆ. ತಂತಿಗಳನ್ನು ಬಿಗಿಮಾಡುವ ತಿರುಪುಗಳು ತಲೆಯ ಭಾಗದಲ್ಲಿ ಬೀಸಣಿಗೆಯಂತೆ ಹರಡಿಕೊಂಡಿರುತ್ತವೆ. ಹಾಡುಗಾರರು ಒಂದು ಸಾಲನ್ನು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಈ ವಾದ್ಯ ಆ ಸಾಲಿಗೆ ಉತ್ತರ ಕೊಡುತ್ತದೆ. ಹಾಡಿನ ಭಾಷೆ ತಿಳಿಯದವರೂ ಆ ಉತ್ತರವನ್ನು ಹಿಡಿಯಬಹುದು.

ದೀಪಗಳನ್ನು ಮಂಕು ಮಾಡಿದ ಮೇಲೆ ಮಾತು ನಿಲ್ಲಬೇಕು, ಚಮಚದ ಸದ್ದೂ ನಿಲ್ಲಬೇಕು. ಮೂರು ನಾಲ್ಕು ಹಾಡುಗಳಾದ ಮೇಲೆ ದೀಪ ಬೆಳಗಿ, ಊಟ ಮುಂದುವರಿದು, ಮತ್ತೆ ಸ್ವಲ್ಪ ಹೊತ್ತಿಗೆ ಮಂಕಾಗುತ್ತದೆ. ಆದ್ದರಿಂದ ಮಕ್ಕಳನ್ನು ಕರೆದೊಯ್ಯಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಹತ್ತು ನಿಮಿಷ ಸುಮ್ಮನೆ ಕೂರಬಲ್ಲ ಮಗುವಾದರೆ ಧಾರಾಳವಾಗಿ ಕರೆದೊಯ್ಯಿರಿ, ಮೊದಲ ಸುತ್ತಿಗೇ ಹೋಗಿ, ಬಾಗಿಲ ಹತ್ತಿರದ ಮೇಜನ್ನು ಕೇಳಿ. ಹಿರಿಯರನ್ನಂತೂ ಬಿಟ್ಟು ಹೋಗಬೇಡಿ. ಹಾಡನ್ನು ಕೂತು ಕೇಳುವ ಅಭ್ಯಾಸ ನಮಗಿಂತ ಅವರಿಗೇ ಹೆಚ್ಚು.

ಇನ್ನೊಂದು, ಕೇಳದೆಯೇ ಮೇಜಿಗೆ ಬರುವ ಬ್ರೆಡ್ಡು, ಆಲಿವ್, ಬೆಣ್ಣೆ ಉಚಿತವಲ್ಲ. ಬೇಡವೆಂದರೆ ಮುಟ್ಟದೆ ಹಿಂದಕ್ಕೆ ಕಳುಹಿಸಿ. ಮುಟ್ಟದಿದ್ದರೆ ಹಣ ಕೊಡಬೇಕಾಗಿಲ್ಲ. ಒಂದು ಕಡೆ ನನಗೆ ಇದು ತಿಳಿಯದೆ ಬಿಲ್ಲು ಬಂದಾಗ ಜಗಳಕ್ಕೇ ನಿಂತಿದ್ದೆ, ತಪ್ಪು ನನ್ನದೇ ಆಗಿತ್ತು.

ಹಳದಿ ಟ್ರಾಮ್

ನಾನು ಲಿಸ್ಬನ್ನಿನಲ್ಲಿಯೇ ಆರು ವರ್ಷಗಳಿಂದ ಇರುವವನು. ಊರಿನವರ ಕಡೆಯಿಂದಲೂ ಒಂದೆರಡು ಮಾತು ಇರಲಿ.

ಬೈರು ಆಲ್ತುವಿನ ರಾತ್ರಿ ಎಂದರೆ ಏನು ಎಂಬುದನ್ನು ಹೋಗದವರಿಗೆ ವಿವರಿಸಬೇಕು. ಹದಿನಾರನೆಯ ಶತಮಾನದಲ್ಲಿ ಗುಡ್ಡದ ಮೇಲೆ ಗೆರೆ ಎಳೆದಂತೆ ರೂಪಿಸಿದ ಬಡಾವಣೆ ಅದು. ಬೀದಿಗಳು ಇಕ್ಕಟ್ಟು, ಮದ್ಯದಂಗಡಿಗಳು ಇನ್ನೂ ಇಕ್ಕಟ್ಟು. ಒಳಗೆ ಎಂಟು ಜನ ನಿಲ್ಲುವ ಅಂಗಡಿಯಾದ್ದರಿಂದ ಗಿರಾಕಿಗಳು ಪ್ಲಾಸ್ಟಿಕ್ ಲೋಟ ಹಿಡಿದು ಬೀದಿಯಲ್ಲೇ ನಿಲ್ಲುತ್ತಾರೆ. ಹೀಗಾಗಿ ಬೀದಿಯೇ ಕೋಣೆಯಾಗುತ್ತದೆ. ಆದರೆ ಆ ಕೋಣೆಯ ಎರಡನೆಯ ಮಹಡಿಯಲ್ಲಿ ಯಾರದೋ ಮಲಗುವ ಮನೆಯಿರುತ್ತದೆ. ರಾತ್ರಿ 2 ಗಂಟೆಯ ನಂತರ ಅಂಗಡಿಗಳು ಮುಚ್ಚುತ್ತಾ ಬಂದಾಗ ಇಡೀ ಜಾತ್ರೆ ಕೆಳಗಿಳಿದು ನದಿಯ ದಿಕ್ಕಿಗೆ, ಕಾಯ್ಶ್ ದು ಸುದ್ರೆಗೆ ಹರಿಯುತ್ತದೆ. ನಾನು ಮೊದಲ ವರ್ಷ ಆ ದಾರಿಯಲ್ಲೇ ಬಾಡಿಗೆಗಿದ್ದೆ. ಗುಂಪಿನ ಮಾತಿನ ಸದ್ದು ಹೇಗೋ ಅಭ್ಯಾಸವಾಗುತ್ತದೆ. ಕಲ್ಲುಹಾಸಿನ ಮೇಲೆ ಮುಂಜಾನೆ 5 ಗಂಟೆಗೆ ಎಳೆದುಕೊಂಡು ಹೋಗುವ ಸೂಟ್‌ಕೇಸಿನ ಚಕ್ರಗಳ ಸದ್ದು ಮಾತ್ರ ಅಭ್ಯಾಸವಾಗುವುದಿಲ್ಲ. ಅಲ್ಫಾಮಾದಲ್ಲಿ ಇಂಥ ಎಷ್ಟೋ ಮನೆಗಳು ಪ್ರವಾಸಿಗರ ದಿನಬಾಡಿಗೆಗೆ ಹೋಗಿ, ಹಾಡಿನಲ್ಲಿ ಬರುವ ಆ ನೆರೆಹೊರೆಯೇ ಕರಗುತ್ತಿದೆ. ತಂಗಿಯ ಮನೆಯಲ್ಲಿ ಉಳಿದ ನೀವು ಆ ಮಟ್ಟಿಗೆ ನಿರಪರಾಧಿಗಳು.

ಹಿರಿಯರನ್ನು ಕರೆತರುವವರಿಗೆ ಇನ್ನೊಂದು ಎಚ್ಚರಿಕೆ. ಈ ಊರಿನ ಕಾಲುದಾರಿಗಳಿಗೆ ಹಾಸಿರುವುದು ಸಣ್ಣ ಸಣ್ಣ ಸುಣ್ಣದಕಲ್ಲುಗಳು. ವರ್ಷಗಟ್ಟಲೆ ಜನರ ಕಾಲು ಸವೆಸಿ ಅವು ನುಣುಪಾಗಿವೆ. ಸ್ವಲ್ಪ ತೇವವಾದರೂ ಎಣ್ಣೆ ಸುರಿದಂತೆ ಜಾರುತ್ತವೆ. ಇಳಿಜಾರಿನಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಅಪಾಯ. ರಬ್ಬರ್ ಅಟ್ಟೆಯ ಬೂಟು ಕಡ್ಡಾಯ. 28ನೇ ಸಂಖ್ಯೆಯ ಟ್ರಾಮನ್ನು ಎಲ್ಲರೂ ಹತ್ತಬೇಕೆನ್ನುತ್ತಾರೆ, ಆದರೆ ಹಗಲಿನಲ್ಲಿ ಅದರಲ್ಲಿ ನಿಲ್ಲಲೂ ಜಾಗವಿರುವುದಿಲ್ಲ, ಜೇಬುಗಳ್ಳರ ಕಾಟ ಬೇರೆ. ಬೆಳಿಗ್ಗೆ 7 ಗಂಟೆಗೆ ಹತ್ತಿದರೆ ಕಿಟಕಿಯ ಪಕ್ಕ ಕೂರಬಹುದು. ಹೇಗೂ ನಿಮ್ಮ ಮಗ 4 ಗಂಟೆಗೇ ಎದ್ದಿರುತ್ತಿದ್ದನಲ್ಲ.

ಮುಸ್ಸಂಜೆ ಓದುಗ

ಎರಡು ಮಕ್ಕಳ ತಾಯಿಯವರೇ, ನಿಮ್ಮ ಊಹೆ ಸರಿ. ಮೂರೂ ರಾತ್ರಿ ಮಗ ಅಮ್ಮನೊಂದಿಗಿದ್ದ. ಬರೆಯುವಾಗ ಬಿಟ್ಟದ್ದು ಮರೆವಿನಿಂದಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. "ನನಗೆ ಈ ಏರುದಾರಿಗಳು ಆಗುವುದಿಲ್ಲ, ನೀವು ಹೋಗಿಬನ್ನಿ" ಎಂದು ಅಮ್ಮ ಭಾನುವಾರ ಹೇಳಿದ್ದು ನಿಜ. ಅದನ್ನೇ ಮಂಗಳವಾರಕ್ಕೂ ಬುಧವಾರಕ್ಕೂ ನಾವೇ ಅನ್ವಯಿಸಿಕೊಂಡೆವು.

ಬುಧವಾರ ರಾತ್ರಿ 12 ದಾಟಿದ ಮೇಲೆ ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಎಚ್ಚರವಾಗಿಯೇ ಇದ್ದರು. ನನ್ನ ಪುಸ್ತಕ ಅವರ ಮುಂದೆ ತೆರೆದಿತ್ತು. ಇಂಗ್ಲಿಷನ್ನು ಅವರು ನಿಧಾನವಾಗಿ, ಬೆರಳಿಟ್ಟು ಓದಬಲ್ಲರು. "ಇವನಿಗೆ ಮನೆಯಲ್ಲಿ ಯಾರೂ ಇರಲಿಲ್ಲವೇ? ಬರೀ ಕಿಟಕಿಯಿಂದ ನೋಡಿದ್ದನ್ನೇ ಬರೆದಿದ್ದಾನೆ" ಎಂದು ಕೇಳಿದರು. ನಿಮ್ಮ ಅತ್ತೆಯವರ ಮಾತನ್ನು ಓದಿದಾಗ ಮೈ ಜುಂ ಎಂದದ್ದು ಇದಕ್ಕೇ.

ಮರುದಿನ ಜೂನ್ 12. ಲಿಸ್ಬನ್ನಿನವರ ಪಾಲಿಗೆ ವರ್ಷದ ಅತಿ ದೊಡ್ಡ ರಾತ್ರಿ. ಆ ಊರಿನಲ್ಲೇ ಹುಟ್ಟಿ, ಇಟಲಿಯ ಪಾದುವಾದಲ್ಲಿ 1231ರ ಜೂನ್ 13ರಂದು ತೀರಿಕೊಂಡ ಸಂತ ಅಂತೋನಿಯ ಹಬ್ಬದ ಮುನ್ನಾದಿನ ಅದು. ಬಡಾವಣೆಗಳ ತಂಡಗಳು ಮುಖ್ಯ ಬೀದಿಯಲ್ಲಿ ಹಾಡಿ ಕುಣಿಯುತ್ತಾ ಮೆರವಣಿಗೆ ಹೋಗುತ್ತವೆ. ಗುಡ್ಡದ ಮೇಲಿನ ಹಳೆಯ ಕೇರಿಗಳಲ್ಲಿ ಬಣ್ಣದ ಕಾಗದದ ತೋರಣ ಕಟ್ಟಿ, ಬೀದಿಯಲ್ಲೇ ಕೆಂಡದ ಒಲೆ ಹೂಡಿ ಬೂತಾಯಿ ಮೀನು ಸುಡುತ್ತಾರೆ. ತಂಗಿಯ ಮನೆ ಇರುವುದು ಗ್ರಾಸಾದಲ್ಲಿ, ಅಲ್ಫಾಮಾದ ಮೇಲಿನ ಗುಡ್ಡದಲ್ಲಿ. ಹಬ್ಬ ನಮ್ಮ ಬಾಗಿಲಿಗೇ ಬಂದಿತ್ತು. ಈ ರಾತ್ರಿ ನಾನು ಮನೆಯಲ್ಲಿರುತ್ತೇನೆ, ನೀವೇ ಹೋಗಿಬನ್ನಿ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಒಪ್ಪಲಿಲ್ಲ. ಹೊಗೆ ಎಂದರು, ಮೀನಿನ ವಾಸನೆ ಎಂದರು, ಮೊಣಕಾಲು ಎಂದರು. ಕೊನೆಗೆ ತಂಗಿ "ಅಮ್ಮ, ಮೂರು ವರ್ಷದಿಂದ ಈ ಹಬ್ಬದಲ್ಲಿ ನಾನು ಒಬ್ಬಳೇ ಓಡಾಡಿದ್ದೇನೆ" ಎಂದಾಗ ಸೀರೆ ಬದಲಿಸಲು ಎದ್ದರು.

ಅವರು ಮೂವರು ಹೆಂಗಸರೂ ಇಳಿದು ಹೋದ ಮೇಲೆ ಮಗ ಅರ್ಧ ಗಂಟೆ ಕಿಟಕಿಯಲ್ಲಿ ನೇತಾಡಿ, ಆಮೇಲೆ ಅಲ್ಲೇ ಚಾಪೆಯ ಮೇಲೆ ನಿದ್ದೆಹೋದ. ನಾನು ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಓದಲು ಕೂತೆ. ಕೆಳಗಿನ ಧ್ವನಿವರ್ಧಕದಲ್ಲಿ ಹಬ್ಬದ ಹಾಡು, ಮೂಗಿಗೆ ಸುಟ್ಟ ಮೀನಿನ ಹೊಗೆ, ಬೀದಿದೀಪ ಮತ್ತು ತೋರಣದ ನಡುವಿನಿಂದ ಪುಟದ ಮೇಲೆ ಬೀಳುವ ಕೆಂಪು ಹಸಿರು ನೆರಳು. ಇಂಥ ಗದ್ದಲದಲ್ಲಿ ಓದಲಾಗದು ಎಂದುಕೊಂಡಿದ್ದೆ. ವಾರದಲ್ಲಿ ಒಂದೇ ಪಟ್ಟಿಗೆ ಎರಡು ಗಂಟೆ ಓದಿದ್ದು ಆ ರಾತ್ರಿ ಮಾತ್ರ. ಆ ಊರಿನ ರಾತ್ರಿಯನ್ನು ನಾನು ಅತ್ಯಂತ ಹತ್ತಿರದಿಂದ ಕಂಡದ್ದೂ, ಹೇಳಿದರೆ ನಗುತ್ತೀರಿ, ಮೂರನೆಯ ಮಹಡಿಯ ಆ ಕಿಟಕಿಯಿಂದಲೇ. ಎದುರು ಮನೆಯ ಮುದುಕರೊಬ್ಬರು ಬನಿಯನ್ನಿನಲ್ಲಿ ತಮ್ಮ ಕಿಟಕಿಗೆ ಒರಗಿ ನಿಂತಿದ್ದರು. ಅವರು ನನ್ನತ್ತ ಲೋಟ ಎತ್ತಿದರು, ನಾನು ಪುಸ್ತಕ ಎತ್ತಿದೆ.

ಅಮ್ಮ ಮರಳಿದ್ದು ರಾತ್ರಿ ಒಂದೂವರೆಗೆ. ಸೀರೆಯ ಸೆರಗಿಗೆಲ್ಲ ಹೊಗೆ ಹಿಡಿದಿತ್ತು, ಕೈಯಲ್ಲಿ ಒಂದು ಪುಟ್ಟ ಕುಂಡವಿತ್ತು. ಚೆಂಡಿನಂತೆ ದುಂಡಗೆ ಒತ್ತಾಗಿ ಬೆಳೆದ, ಚಿಕ್ಕೆಲೆಯ ಗಿಡ. ಅದರ ನೆತ್ತಿಗೆ ಕಾಗದದ ಹೂ ಮತ್ತು ನಾಲ್ಕು ಸಾಲಿನ ಪದ್ಯ ಅಚ್ಚಾದ ಸಣ್ಣ ಬಾವುಟ. ಮಂಜೆರಿಕು ಎಂದು ಅದರ ಹೆಸರು, ನಮ್ಮ ತುಳಸಿಯ ದಾಯಾದಿ. ಅಮ್ಮ ಬಗ್ಗಿ ಮೂಸಲು ಹೋದಾಗ ಮಾರುತ್ತಿದ್ದ ಅಜ್ಜಿ ಗಾಬರಿಯಿಂದ ತಡೆದು, ತನ್ನ ಅಂಗೈಯನ್ನು ಗಿಡದ ಮೇಲೆ ಮೆಲ್ಲಗೆ ಇಟ್ಟು, ಆ ಅಂಗೈಯನ್ನು ಅಮ್ಮನ ಮೂಗಿಗೆ ಹಿಡಿದಳಂತೆ. ನೇರವಾಗಿ ಮೂಗು ತಾಗಿಸಿದರೆ ಗಿಡ ಒಣಗುತ್ತದೆಂದು ಅಲ್ಲಿನ ನಂಬಿಕೆ. "ತುಳಸಿಯನ್ನು ನಾವು ಮೂಸುತ್ತೇವೆಯೇ? ಅವಳು ಹೇಳಿದ್ದು ಸರಿಯೇ ಇದೆ" ಎಂದು ಅಮ್ಮ ತೀರ್ಪು ಕೊಟ್ಟರು.

ಅದಾದ ಮೇಲೆ ಅಮ್ಮ ಹೇಳಿದ ಇನ್ನೊಂದು ಸಂಗತಿ ನನಗೆ ಇನ್ನೂ ಇಷ್ಟ. ಕೆಳಮನೆಯಾಕೆ ಬಾಗಿಲ ಮುಂದೆ ಮೇಜು ಹಾಕಿಕೊಂಡು ಮಾರಾಟ ಮಾಡುತ್ತಿದ್ದವಳು, ಬೀಗದ ಕೈ ಎಲ್ಲೋ ಬಿದ್ದಿತೆಂದು ಎಲ್ಲರನ್ನೂ "ಶಾವ್, ಶಾವ್" ಎಂದು ಕೇಳುತ್ತಿದ್ದಳಂತೆ. ಅಮ್ಮ ತಟ್ಟನೆ "ಚಾವಿ ಕಳೆದಿದೆ ಇವಳದು" ಎಂದು ಮೇಜಿನ ಕೆಳಗೆ ಬಗ್ಗಿ ಹುಡುಕಿಕೊಟ್ಟರು. ಆ ಪದವೂ, ಅನಾನಸೂ, ಬಟಾಟೆಯೂ ಪೋರ್ಚುಗೀಸರಿಂದಲೇ ನಮಗೆ ಬಂದವು ಎಂದು ತಂಗಿ ವಿವರಿಸಿದ ಮೇಲೆ, ವಾರದ ಉಳಿದ ದಿನಗಳಲ್ಲಿ ಅಮ್ಮ ಕಂಡಕಂಡ ವಸ್ತುವನ್ನೆಲ್ಲ ತೋರಿಸಿ "ಇದು ಯಾರದು, ನಮ್ಮದೋ ಅವರದೋ" ಎಂದು ಕೇಳತೊಡಗಿದರು.

ಪುಟಗುರುತು

ಹಬ್ಬದ ರಾತ್ರಿಯ ವರ್ಣನೆ ಮನಸ್ಸಿನಲ್ಲಿ ಉಳಿಯಿತು. ಆದರೆ ಓದಿನ ವಿಷಯದಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ಯಾವ ಊರಿಗೆ ಹೋಗುತ್ತೇವೋ ಆ ಊರಿನ ಲೇಖಕನನ್ನು ಅಲ್ಲೇ ಓದಬೇಕೆನ್ನುವುದು ಈಗ ಒಂದು ವ್ರತದಂತಾಗಿದೆ. ಹಾಗೆ ಓದುವಾಗ ಪುಸ್ತಕವು ಕೈಪಿಡಿಯಾಗಿಬಿಡುತ್ತದೆ ಎಂಬುದು ನನ್ನ ಆಕ್ಷೇಪ. ಶಿಯಾದು ಬಡಾವಣೆಯ ಕಾಫಿ ಮಂದಿರದ ಮುಂದೆ ಕೂರಿಸಿರುವ ಪೆಸ್ಸೊವಾನ ಕಂಚಿನ ಪ್ರತಿಮೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಫೋಟೋ ತೆಗೆಸಿಕೊಳ್ಳಲು ಸಾಲು ನಿಂತವರನ್ನು ನಾನು ನೋಡಿದ್ದೇನೆ. ಜನರಿಂದ ದೂರ ಉಳಿಯಬೇಕೆಂದು ಹತ್ತಾರು ಹೆಸರುಗಳ ಹಿಂದೆ ಅವಿತುಕೊಂಡು ಬರೆದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕೇ?

ನಾನು ಪ್ರವಾಸದಲ್ಲಿ ಬೇಕೆಂದೇ ಬೇರೆ ದೇಶದ, ಸಾಧ್ಯವಾದರೆ ಕನ್ನಡದ ಪುಸ್ತಕವನ್ನು ಒಯ್ಯುತ್ತೇನೆ. ಹಗಲೆಲ್ಲ ಪರಭಾಷೆಯ ಬೋರ್ಡುಗಳನ್ನು ಓದಿ ದಣಿದ ಕಣ್ಣಿಗೆ ರಾತ್ರಿ ನಾಲ್ಕು ಪುಟ ಕನ್ನಡ ಸಿಕ್ಕರೆ ಆಗುವ ವಿಶ್ರಾಂತಿ ಬೇರೆಯೇ. ಪುಸ್ತಕದಂಗಡಿಗಳನ್ನು ಮಾತ್ರ ನಾನೂ ಬಿಡುವುದಿಲ್ಲ. 1732ರಲ್ಲಿ ಆರಂಭವಾದ ಬೆರ್ಟ್ರಾಂಡ್ ಅಂಗಡಿ, ಇಂದಿಗೂ ನಡೆಯುತ್ತಿರುವ ಪುಸ್ತಕದಂಗಡಿಗಳಲ್ಲಿ ಜಗತ್ತಿನಲ್ಲೇ ಹಳೆಯದೆಂದು ಗಿನ್ನೆಸ್ ದಾಖಲೆಯಲ್ಲಿದೆ. ಕಮಾನಿನ ಕೆಳಗೆ ಕಮಾನಾಗಿ ಒಳಕೋಣೆಗಳು ಸಾಗುತ್ತಾ ಹೋಗುತ್ತವೆ. ಆದರೆ ನನಗೆ ಅದಕ್ಕಿಂತ ಪ್ರಿಯವಾದದ್ದು ನದಿಯ ಸೇತುವೆಯ ಕೆಳಗಿನ ಹಳೆಯ ಕಾರ್ಖಾನೆಯ ಆವರಣದಲ್ಲಿರುವ 'ಲೇರ್ ದೆವಗಾರ್'. ಆ ಹೆಸರಿನ ಅರ್ಥ 'ನಿಧಾನವಾಗಿ ಓದು'. ಒಳಗೆ ಹಳೆಯ ದೊಡ್ಡ ಮುದ್ರಣಯಂತ್ರವನ್ನು ಕದಲಿಸದೆ ಹಾಗೆಯೇ ಉಳಿಸಿಕೊಂಡು, ಸುತ್ತಲೂ ಸೂರಿನವರೆಗೆ ಪುಸ್ತಕ ಜೋಡಿಸಿದ್ದಾರೆ. ಮೇಲೆ, ರೆಕ್ಕೆಯಿರುವ ಸೈಕಲ್ಲಿನ ಮೇಲೆ ಕುಳಿತ ಬೊಂಬೆಯೊಂದು ಗಾಳಿಯಲ್ಲಿ ತೂಗುತ್ತದೆ. ನಿಮ್ಮ ಮಗನಿಗೆ ಅದನ್ನು ತೋರಿಸಿದಿರೋ ಇಲ್ಲವೋ?

ಮುಸ್ಸಂಜೆ ಓದುಗ

ಸೈಕಲ್ಲಿನ ಬೊಂಬೆಯನ್ನು ನೋಡಿದೆವು. ಮಗ ಅದನ್ನು ಬಿಟ್ಟು, ಆ ಮುದ್ರಣಯಂತ್ರದ ಹಲ್ಲಿನ ಚಕ್ರಗಳನ್ನೇ ಎಣಿಸುತ್ತಾ ನಿಂತ.

ಪುಟಗುರುತು ಅವರೇ, ಕೈಪಿಡಿಯಾಗುತ್ತದೆ ಎಂಬ ನಿಮ್ಮ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಆ ಪುಸ್ತಕದ ನಿರೂಪಕ ಬೆರ್ನಾರ್ದು ಸೊವಾರಿಶ್ ಎಂಬ ಕಲ್ಪಿತ ವ್ಯಕ್ತಿ, ದೌರಾದೋರಿಶ್ ಬೀದಿಯ ಕಚೇರಿಯೊಂದರಲ್ಲಿ ಲೆಕ್ಕಪತ್ರ ಬರೆಯುವ ಸಹಾಯಕ. ಶುಕ್ರವಾರ ಬೆಳಿಗ್ಗೆ ಮಗನನ್ನು ಕರೆದುಕೊಂಡು ಆ ಬೀದಿಗೇ ಹೋದೆ. 1755ರ ನವೆಂಬರ್ 1ರ ಭೂಕಂಪ, ಸಮುದ್ರದ ಅಲೆ ಮತ್ತು ಬೆಂಕಿಯಿಂದ ನೆಲಸಮವಾದ ಆ ತಗ್ಗಿನ ಪ್ರದೇಶವನ್ನು ಪೊಂಬಾಲ್ ಎಂಬ ಮಂತ್ರಿಯ ಉಸ್ತುವಾರಿಯಲ್ಲಿ ಚೌಕಾಚೌಕವಾಗಿ ಮರಳಿ ಕಟ್ಟಿ, ಬೀದಿಗಳಿಗೆ ಕಸುಬುಗಳ ಹೆಸರಿಟ್ಟರು. ಬೆಳ್ಳಿಯ ಬೀದಿ, ಚಮ್ಮಾರರ ಬೀದಿ, ಬಟ್ಟೆ ವ್ಯಾಪಾರಿಗಳ ಬೀದಿ. ದೌರಾದೋರಿಶ್ ಎಂದರೆ ಚಿನ್ನದ ಲೇಪ ಕೊಡುವವರು. ಈಗ ಅಲ್ಲಿ ಊಟದ ಮೇಜುಗಳು, ಬಿಸಿಲ ಕೊಡೆಗಳು, ಕೈಯಲ್ಲಿ ತಿಂಡಿಪಟ್ಟಿ ಹಿಡಿದು ಕರೆಯುವ ಮಾಣಿಗಳು. ನನಗೆ ಸ್ವಲ್ಪ ನಿರಾಶೆಯೇ ಆಯಿತು. ಮೇಲೆ ನೋಡಿದೆ. ನಾಲ್ಕನೆಯ ಮಹಡಿಯ ಒಂದೇ ಒಂದು ಕಿಟಕಿಯಲ್ಲಿ ಒಗೆದ ಅಂಗಿಯೊಂದು ತಲೆಕೆಳಗಾಗಿ ತೂಗುತ್ತಿತ್ತು, ತೋಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗ ಆ ಹನಿಗಳು ಬೀಳುವ ಜಾಗಕ್ಕೆ ಓಡಿ ತಲೆಯೊಡ್ಡಿ ನಿಂತ. ಆ ಒಂದು ಅಂಗಿ ಇರದಿದ್ದರೆ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತಿದ್ದೆ.

ಎರಡು ಮಕ್ಕಳ ತಾಯಿ

ನನ್ನ ಪ್ರಶ್ನೆಯನ್ನು ನೀವು ತೆಗೆದುಕೊಂಡ ರೀತಿಗೆ ಧನ್ಯವಾದಗಳು. ಅತ್ತೆಯವರಿಗೆ ನಿಮ್ಮ ಅಮ್ಮನವರ ಚಾವಿಯ ಪ್ರಸಂಗವನ್ನು ಓದಿ ಹೇಳಿದೆ. "ಆಕೆಗೆ ಸೀರೆ ಉಟ್ಟುಕೊಂಡು ಗುಡ್ಡ ಇಳಿಯುವಾಗ ಜಾರಲಿಲ್ಲವೇ" ಎಂದು ಕೇಳುತ್ತಿದ್ದಾರೆ. ನಿಮ್ಮ ಅಮ್ಮನವರು ಸಸ್ಯಾಹಾರಿಯಾಗಿದ್ದರೆ ಆ ರಾತ್ರಿ ಏನು ಊಟ ಮಾಡಿದರೆಂದೂ ತಿಳಿಸಿ. ಮುಂದಿನ ವರ್ಷ ಅತ್ತೆಯವರನ್ನು ಕರೆದುಕೊಂಡು ಹೋಗುವ ಯೋಚನೆಯಿದೆ, ಈ ಸಲ ಕಿಟಕಿಯ ಸರದಿ ನಮ್ಮದು. ಆ ಗಿಡವನ್ನು ತರಲು ಸಾಧ್ಯವಾಯಿತೇ?

ಹಳದಿ ಟ್ರಾಮ್

ಸಸ್ಯಾಹಾರಿಗಳಿಗೆ ಒಂದು ಸೂಚನೆ: ಹಬ್ಬದಲ್ಲಿ ಎಲ್ಲ ಕಡೆ ಸಿಗುವ ಕಾಲ್ದು ವೆರ್ದ್ ಎಂಬ ಸೊಪ್ಪು ಮತ್ತು ಆಲೂಗಡ್ಡೆಯ ಸಾರು ನೋಡಲು ಶುದ್ಧ ಸಸ್ಯಾಹಾರದಂತಿರುತ್ತದೆ, ಆದರೆ ಅದರಲ್ಲಿ ಹಂದಿಮಾಂಸದ ಸಾಸೇಜಿನ ಬಿಲ್ಲೆ ಹಾಕುವುದು ವಾಡಿಕೆ. ಮೇಲಿನಿಂದ ತೆಗೆದುಕೊಟ್ಟರೂ ಸಾರಿಗೆ ಅದರ ಸತ್ವ ಇಳಿದಿರಬಹುದು, ಕೇಳಿಯೇ ತೆಗೆದುಕೊಳ್ಳಿ. ದಾಲ್ಚಿನ್ನಿ ಪುಡಿ ಉದುರಿಸಿದ ಅನ್ನದ ಪಾಯಸ ಸಿಗುತ್ತದೆ, ಕೆಲವರು ಅದಕ್ಕೂ ಮೊಟ್ಟೆಯ ಹಳದಿ ಸೇರಿಸುತ್ತಾರೆ.

ಜೂನ್ 12ರ ಸಂಜೆ ಅಲ್ಫಾಮಾದ ಮೆಟ್ಟಿಲುಗಳಲ್ಲಿ ಹಿರಿಯರೊಂದಿಗೆ ಸಿಕ್ಕಿಕೊಳ್ಳಬೇಡಿ. ಅಲ್ಲಿ ಹೊಕ್ಕರೆ ಗುಂಪು ಹೋದತ್ತ ಹೋಗಬೇಕು. ಗ್ರಾಸಾದ ವಿಲಾ ಬೆರ್ತಾದಂಥ ಮೇಲಿನ ಕೇರಿಗಳು ತುಸು ಸಮತಟ್ಟು, ಆದರೂ ಕತ್ತಲಾಗುವ ಮೊದಲೇ ಹೋಗಿ ಒಂದು ಬೆಂಚು ಹಿಡಿಯಬೇಕು.

ಮುಸ್ಸಂಜೆ ಓದುಗ

ಅ‌ಮ್ಮ ಸೀರೆಯ ಕೆಳಗೆ ತಂಗಿಯ ಓಟದ ಬೂಟು ಹಾಕಿಕೊಂಡಿದ್ದರು, ಜಾರಲಿಲ್ಲ. ಮನೆಯಿಂದಲೇ ಮೊಸರನ್ನ ತಿಂದು ಹೊರಟಿದ್ದರು. ಬೀದಿಯಲ್ಲಿ ತಿಂದದ್ದು ಮೆಕ್ಕೆಜೋಳದ ಬ್ರೆಡ್ಡು ಮಾತ್ರ. ಸಾರಿನ ವಿಷಯ ನಮಗೂ ಗೊತ್ತಿರಲಿಲ್ಲ, ಅವರು ಅದನ್ನು ಮುಟ್ಟದಿದ್ದುದು ಅದೃಷ್ಟ.

ಗಿಡವನ್ನು ತರಲಿಲ್ಲ. ಮಣ್ಣು ಸಮೇತ ಸಸಿಯನ್ನು ಗಡಿ ದಾಟಿಸಲು ಬರುವುದಿಲ್ಲವಾದ್ದರಿಂದ ಅದು ತಂಗಿಯ ಅಡುಗೆಮನೆಯ ಕಿಟಕಿಯಲ್ಲೇ ಉಳಿಯಿತು. ಬಿಸಿಲು ತಾಗುವ ಕಡೆ ಇಡು, ದಿನಾ ಬುಡಕ್ಕೆ ನೀರು ಹಾಕು ಎಂದು ಅಮ್ಮ ವಿಮಾನ ನಿಲ್ದಾಣದವರೆಗೂ ಹೇಳುತ್ತಲೇ ಇದ್ದರು. ಬಾವುಟವನ್ನು ಮಾತ್ರ ಕಿತ್ತು ತಂದಿದ್ದೇವೆ. ಅದರಲ್ಲಿ ಏನು ಬರೆದಿದೆ ಎಂದು ಅಮ್ಮ ಕೇಳಿದಾಗ ತಂಗಿ ಓದಿ, ಕೆಂಪಗಾಗಿ, "ಸಂತನನ್ನು ಗಂಡು ಹುಡುಕಿಕೊಡು ಎಂದು ಕೇಳುವ ಪದ್ಯ" ಎಂದಳು. ಸಂತ ಅಂತೋನಿ ಅಲ್ಲಿ ಮದುವೆ ಕೂಡಿಸುವವನಂತೆ. "ನಾನು ಕೊಂಡದ್ದೂ ಸರಿಯಾದದ್ದನ್ನೇ" ಎಂದರು ಅಮ್ಮ, ತಂಗಿಯನ್ನು ನೋಡುತ್ತಾ.

ಆ ಬಾವುಟ ಈಗ ನನ್ನ ಪುಸ್ತಕದಲ್ಲಿದೆ, ಆದರೆ ನಾನು ಓದಿ ನಿಲ್ಲಿಸಿದ ಪುಟದಲ್ಲಲ್ಲ. ಅಮ್ಮ ಬೆರಳಿಟ್ಟು ಓದುತ್ತಾ ಇನ್ನೂ ನಲವತ್ತನೆಯ ಪುಟದ ಆಸುಪಾಸಿನಲ್ಲಿದ್ದಾರೆ, ಪುಸ್ತಕ ನನಗೆ ಸದ್ಯಕ್ಕೆ ಸಿಗುವಂತಿಲ್ಲ.